ಎಲೆಯ ಎಡಗಡೆ

ನಮ್ಮ ಭಾವ ಚಂದಯ್ಯ ಶೆಟ್ಟರಿಗೆ ಇದ್ದದ್ದು ಒಂದೇ ಜಂಬ. ಬೊಂಬಾಯಿಯ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಸಪ್ಲೈಯರ್ ಆಗಿದ್ದವರು, ಒಂದು ದಿನವೂ ಆರ್ಡರನ್ನು ಚೀಟಿಯಲ್ಲಿ ಬರೆದುಕೊಂಡವರಲ್ಲ. ಮೂರನೇ ಟೇಬಲಿನ ಅಜ್ಜನಿಗೆ ಸಕ್ಕರೆ ಹಾಕದ ಚಾ, ಒಂಬತ್ತನೆಯದಕ್ಕೆ ನೀರುಳ್ಳಿ ಇಲ್ಲದ ಉಪ್ಪಿಟ್ಟು, ಕಿಟಕಿ ಬದಿಯವರಿಗೆ ಎರಡನೇ ಸಲ ಚಟ್ನಿ, ಎಲ್ಲ ತಲೆಯಲ್ಲೇ ಇರುತ್ತಿತ್ತಂತೆ. ಅಂತೆ ಎಂದು ಯಾಕೆ ಹೇಳುತ್ತೇನೆಂದರೆ ನಾನು ಕಣ್ಣಾರೆ ಕಂಡದ್ದಲ್ಲ. ಅವರೇ ಹೇಳಿದ್ದು, ಅದೂ ನನಗೆ ಬಾಯಿಪಾಠ ಆಗುವಷ್ಟು ಸಲ. ನಾನು ತೆಕ್ಕಟ್ಟೆಯಲ್ಲಿ ಟೈಲರ್. ಅಂಗಿಯ ತೋಳು ಒಂದು ನೂಲಿನಷ್ಟು ಹೆಚ್ಚು ಕಮ್ಮಿ ಆದರೂ ದೂರದಿಂದಲೇ ಹೇಳಬಲ್ಲೆ ಎನ್ನುವ ಜಂಬ ನನಗೂ ಇತ್ತು. ಆ ಜಂಬ ಇಳಿದ ಕತೆಯೂ ಇದರಲ್ಲೇ ಇದೆ.

ಭಾವ ಊರಿಗೆ ವಾಪಸು ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಅವರ ಅಕ್ಕನ ಮಗ ಅಜಿತ್ ಕುಂಭಾಶಿಯಲ್ಲಿ ಊಟದ ಹೋಟೆಲು ಇಟ್ಟಿದ್ದಾನೆ. ಆನೆಗುಡ್ಡೆಯ ದೇವಸ್ಥಾನಕ್ಕೆ ಬಂದವರು ಮಧ್ಯಾಹ್ನ ಅಲ್ಲಿಗೇ ನುಗ್ಗುತ್ತಾರೆ, ಬಾಳೆ ಎಲೆ ಊಟ. ಭಾವ ಅಲ್ಲಿ ಹಾಲ್ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳುವುದು ಎಂದರೆ ಮೂಲೆಯಲ್ಲಿ ನಿಂತು ಕೈ ತೋರಿಸುವುದಲ್ಲ, ಅನ್ನದ ಬಕೀಟು ತಾನೇ ಹಿಡಿಯುವುದು. ಅರುವತ್ತು ದಾಟಿದರೂ ಹಾಗೆಯೇ ನಡೆಯುತ್ತಿತ್ತು.

ಹೋದ ವರ್ಷ ಚೌತಿ ಕಳೆದು ಎರಡು ವಾರಕ್ಕೆ ಅವರಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಬಿದ್ದುಹೋಯಿತು. ದೊಡ್ಡ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ಕೋಲು ಹಿಡಿದು ಮನೆಗೆ ಬಂದರು. ಕಳಿಸಿಕೊಡುವಾಗ ಡಾಕ್ಟರು ನಮ್ಮಕ್ಕ ರಾಜೀವಿಯನ್ನು ಕರೆದು, "ಎಡಗಡೆಗೆ ಸ್ವಲ್ಪ ಗಮನ ಕೊಡಬೇಕು" ಎಂದರು. ಅಕ್ಕ ಗಮನ ಕೊಟ್ಟಳು ನೋಡಿ! ದಿನಕ್ಕೆ ಎರಡು ಹೊತ್ತು ಎಡಗೈಗೆ ಎಣ್ಣೆ, ಎಡಗಾಲಿಗೆ ಬಿಸಿನೀರು. ನಾನೂ ಸಂಜೆ ಹೋಗಿ ಆ ಎಡಗೈಯ ಬೆರಳು ಒಂದೊಂದೇ ಬಿಡಿಸಿ ಮಡಿಸಿ ಮಾಡಿದೆ. ಡಾಕ್ಟರು ಹೇಳಿದ್ದು ಬೇರೆಯೇ ಗಮನ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಎರಡು ತಿಂಗಳಲ್ಲಿ ಕೈಕಾಲು ಬಂತು. ಪೂರ್ತಿ ಅಲ್ಲ, ಆದರೆ ಅರ್ಧ ಬಕೀಟು ಎತ್ತುವಷ್ಟು. ಭಾವ ಒಂದು ಸೋಮವಾರ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಕುಂಭಾಶಿಗೆ ಹೋಗಿಯೇ ಬಿಟ್ಟರು. ಅಜಿತನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ನಮ್ಮಲ್ಲಿ ಸೋದರಮಾವನ ಮಾತಿಗೆ ಎದುರು ಮಾತು ಕಷ್ಟ. ಹಾಲ್‌ನಲ್ಲಿ ನಡುವೆ ದಾರಿ, ಎರಡೂ ಬದಿ ಟೇಬಲ್ ಸಾಲು. ಅಡುಗೆಮನೆ ಬಾಗಿಲಿನಿಂದ ಹೊರಟು ಸಾಲು ಮುಗಿಸಿ, ಕೈ ತೊಳೆಯುವ ಜಾಗ ಸುತ್ತಿ ಹಿಂದಿನ ಬಾಗಿಲಿನಿಂದ ಒಳಗೆ ಹೋಗುವುದು ಅಲ್ಲಿನ ಕ್ರಮ. ಭಾವ ಹಾಗೆಯೇ ಹೋದರು. ಬಲಗಡೆಯ ಸಾಲಿಗೆ ಚಂದ ಮಾಡಿ ಅನ್ನ ಬಡಿಸಿದರು. ಎಡಗಡೆಯ ಹನ್ನೊಂದು ಜನ ಖಾಲಿ ಎಲೆ ನೋಡುತ್ತ ಕೂತರು. ಎರಡನೇ ಸುತ್ತಿಗೂ ಅದೇ. ಯಾರೋ ಎದ್ದು ಬೊಬ್ಬೆ ಹೊಡೆದರು, "ನಾವೆಂತ ಪುಕ್ಕಟೆ ಬಂದದ್ದಾ?" ಎಂದು.

ಅಜಿತ್ ಮಾವನನ್ನು ಒಳಗೆ ಕರೆದ. "ಮಾವ, ಎಡಬದಿ ಸಾಲ್ ಪೂರಾ ಬಿಟ್ಟ್ ಬಂದ್ರಿ."

"ಬಿಟ್ಟದ್ದಾ? ಅಲ್ಲ್ ಯಾರಿದ್ರ್ ಮಾರಾಯ ಬಡ್ಸುಕೆ?"

ಅಜಿತ್ ಒಂದು ಗಳಿಗೆ ಅವರ ಮುಖವನ್ನೇ ನೋಡಿದನಂತೆ. ಆಮೇಲೆ ಹೇಳಿದ, "ಒಂದ್ ನಾಕ್ ತಿಂಗ್ಳ್ ಮನೇಲ್ ಕೂಕಣಿ ಮಾವ. ಆಮೇಲ್ ಕಾಂಬ."

ಭಾವನಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ ಆಯಿತು. ಯಾರೂ ಕೂರದ ಟೇಬಲಿಗೆ ಬಡಿಸಲಿಲ್ಲ ಎಂದು ನೆವ ಮಾಡಿ ಅಳಿಯ ತನ್ನನ್ನು ಹೊರಗೆ ಹಾಕಿದ ಎಂದೇ ಅವರ ನಂಬಿಕೆ. ಆ ಹಾಲ್‌ಗೆ ಮತ್ತೆ ಬಕೀಟು ಹಿಡಿದು ಕಾಲಿಡಬೇಕು, ಅಷ್ಟು ಬಿಟ್ಟರೆ ಅವರಿಗೆ ಬೇರೆ ಏನೂ ಬೇಡವಾಗಿತ್ತು. ಅದಾಗದಿದ್ದರೆ ಬದುಕಿದ್ದು ದಂಡ ಎಂದು ನನ್ನ ಹತ್ತಿರವೇ ಹೇಳಿದರು. ಕೇಳಿ ನನಗೆ ಅವರ ಮೇಲೆಯೇ ಸಿಟ್ಟು ಬಂತು.

ಮನೆಯಲ್ಲಿ ಕೂತು ಅವರು ಮಾಡಿದ್ದು ಎರಡು. ಒಂದು ಅಕ್ಕನ ಹತ್ತಿರ ಜಗಳ, ಇನ್ನೊಂದು ಪೇಶೆಂಟ್ ಆಟ.

ಪೇಶೆಂಟ್ ಆಟ ಎಂದರೆ ಒಬ್ಬರೇ ಕೂತು ಆಡುವ ಇಸ್ಪೀಟು. ಬೊಂಬಾಯಿಯ ಹೋಟೆಲಿನ ಎದುರು ಗಡಿಯಾರ ರಿಪೇರಿಯ ಮುದುಕನೊಬ್ಬ ಮಧ್ಯಾಹ್ನ ಗಿರಾಕಿ ಇಲ್ಲದಾಗ ಇದನ್ನು ಆಡುತ್ತಿದ್ದನಂತೆ. ಹೆಸರು ಕೇಳಿದ್ದಕ್ಕೆ "ಪೇಶೆನ್ಸ್" ಎಂದ. ನಮ್ಮ ಭಾವನ ಕಿವಿಗೆ ಅದು ಪೇಶೆಂಟ್ ಎಂದು ಕೇಳಿತು. ಸೀಕಿನವರು ಹಾಸಿಗೆಯಲ್ಲಿ ಕೂತು ಆಡುವುದರಿಂದ ಇದಕ್ಕೆ ಆ ಹೆಸರು ಎಂದು ಅವರೇ ಅರ್ಥವನ್ನೂ ಕಟ್ಟಿದರು. ಏಳು ಸಾಲು ಎಲೆ ಹಾಕಿ, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಳಿಸುತ್ತ ಹೋಗಿ, ಕೊನೆಗೆ ಎಕ್ಕದಿಂದ ರಾಜನ ತನಕ ನಾಲ್ಕು ಕಟ್ಟು ಮಾಡಬೇಕು. ಅಕ್ಕನಿಗೆ ಇಸ್ಪೀಟು ಎಂದರೆ ಮೊದಲಿನಿಂದಲೂ ಆಗದು. "ಆ ಆಟ ಆಡಿ ಆಡಿಯೇ ಪೇಶೆಂಟ್ ಆದದ್ದ್" ಎಂದು ಅವಳು ಗೊಣಗುವುದು, ಇವರು ಕೇಳಿಯೂ ಕೇಳದ ಹಾಗೆ ಎಲೆ ಮಗುಚುವುದು.

ಜಗಳ ಮಾತ್ರ ತಮಾಷೆಯದ್ದಲ್ಲ, ಉಪ್ಪಿನದ್ದು. ಭಾವನಿಗೆ ಮನೆಯಲ್ಲಿಯೂ ಬಾಳೆ ಎಲೆಯಲ್ಲೇ ಊಟ. ಕುಡಿ ಎಲೆಯ ಕುಡಿ ಉಣ್ಣುವವರ ಎಡಕ್ಕೆ ಬರಬೇಕು. ಅಲ್ಲಿ ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಚಟ್ನಿ. ಬಲಗಡೆ ಪಲ್ಯ, ನಡುವೆ ಅನ್ನ. ಭಾವ ಪಲ್ಯ ಮುಗಿಸಿ, ಅನ್ನದಲ್ಲಿ ಬಲಗಡೆಯ ಅರ್ಧ ಉಂಡು, "ಉಪ್ಪ್ ಹಾಕುಕ್ ಎಂತ ನಿಂಗೆ? ಸೀಕಿನವಂಗೆ ಉಪ್ಪಿನಕಾಯಿಯೂ ಇಲ್ಯಾ?" ಎಂದು ಸಿಡುಕುತ್ತಿದ್ದರು. ಉಪ್ಪು ಅಲ್ಲೇ ಇರುತ್ತಿತ್ತು. ಬೇಕೆಂದೇ ಕಾಲು ಕೆರೆಯುತ್ತಾರೆ ಎಂದುಕೊಂಡ ಅಕ್ಕ ಮೊದಮೊದಲು ತಿರುಗಿ ಬೈದಳು, ಆಮೇಲೆ ಸುಮ್ಮನಾದಳು. ಒಂದು ದಿನ ನನ್ನ ಅಂಗಡಿಗೆ ಬಂದು, ರವಕೆ ಬಟ್ಟೆ ಕೊಡುವ ನೆವದಲ್ಲಿ ಕೂತು ಅತ್ತಳು. "ಮೂವತ್ತ್ ವರ್ಷದಂಗೆ ಹೀಂಗ್ ಮಾತಾಡಿದ್ದಿಲ್ಲೆ ತಮ್ಮ. ನನ್ನನ್ನ್ ಕಂಡ್ರೇ ಆತ್ತಿಲ್ಲೆ ಅವ್ರಿಗೆ" ಎಂದಳು.

ನಾನು ಅವಳಿಗೆ ಎರಡು ಸಮಾಧಾನದ ಮಾತು ಹೇಳಿ ಕಳಿಸಿದೆ. ಭಾವನ ಎಡಗೆನ್ನೆಯಲ್ಲಿ ಮಾತ್ರ ಗಡ್ಡ ಉಳಿಯುತ್ತಿತ್ತು, ಅದನ್ನೂ ನೋಡಿದ್ದೆ; ಕೈಗೆ ಶಕ್ತಿ ಇಲ್ಲ ಪಾಪ ಎಂದುಕೊಂಡಿದ್ದೆ. ಒಂದು ನೂಲು ತಪ್ಪಿದರೆ ಹಿಡಿಯುವ ಕಣ್ಣು ನನ್ನದು!

ಅಂಗಡಿಗೆ ಮಧ್ಯಾಹ್ನ ಬಾಗಿಲು ಹಾಕಿ ನಾನು ಅವರ ಜತೆ ಕೂರುತ್ತಿದ್ದೆ. ಎಡಗೈ ಇನ್ನೂ ಚುರುಕಾಗದ ಕಾರಣ ಎಲೆ ಕಲಸಿ ಸಾಲು ಹಾಕುವ ಕೆಲಸ ನನ್ನದು. ಎದುರು ಕೂತು ನೋಡುವುದು, ಮಧ್ಯೆ ಬಾಯಿ ಹಾಕಿ ಬೈಸಿಕೊಳ್ಳುವುದು. ಅವರು ಪ್ರತಿ ಆಟವೂ ಸೋಲುತ್ತಿದ್ದರು. "ನಿನ್ನ್ ಕಟ್ಟಲ್ ಎಲೆ ಕಮ್ಮಿ ಇತ್ತ್" ಎನ್ನುತ್ತಿದ್ದರು. ನಾನು ಮೂರು ಸಲ ಎಣಿಸಿದೆ, ಐವತ್ತೆರಡೂ ಇದ್ದವು.

ಒಂದು ದಿನ ಬಲಗಡೆಯ ಸಾಲಿನಲ್ಲಿ ಕ್ಲಾವರ್ ಒಂಬತ್ತು ಕಾಯುತ್ತಿತ್ತು. ಅದಕ್ಕೆ ಬೇಕಾದ ಕೆಂಪು ಆಟಿನ್ ಎಂಟು ಅವರ ಎಡಗಡೆಯ ಎರಡನೇ ಸಾಲಿನಲ್ಲಿ ಮುಖ ಮೇಲೆ ಮಾಡಿ ಬಿದ್ದುಕೊಂಡಿತ್ತು.

"ಒಂದ್ ಕೆಂಪ್ ಎಂಟ್ ಬಂದಿದ್ರೆ ಆಟ ಆತಿತ್ತ್. ಎಲ್ಲ್ ಹೋಯಿ ಸತ್ತಿತೊ!" ಎಂದರು.

"ಕಣ್ಣ್ ಮುಂದೆ ಇತ್ತಲ್ಲ ಭಾವ."

"ಎಲ್ಲಿತ್ತ್?"

"ಎಡಗೈ ಹತ್ರ ಕಾಣಿ."

ಅವರು ಬಲಗಡೆಯಿಂದ ಒಂದೊಂದೇ ಸಾಲು ಬೆರಳಿಟ್ಟು ಹುಡುಕುತ್ತ ಬಂದರು. ಐದನೆಯದಕ್ಕೆ ಬೆರಳು ನಿಂತಿತು. "ತಮಾಷೆ ಬ್ಯಾಡ ಅಶೋಕ. ಇಪ್ಪುದೇ ಐದ್ ಸಾಲ್. ಐದ್ರಲ್ಲೂ ಇಲ್ಲೆ."

ಏಳು ಸಾಲು ಹಾಕಿದ್ದು ನಾನೇ. ಮೊದಲು ನನಗೆ ನಗು ಬಂತು. ಆದರೆ ಅವರು ನಾಟಕ ಮಾಡುವ ಮನುಷ್ಯ ಅಲ್ಲ. "ಏಳಿ, ಚೂರ್ ಇತ್ಲಾಗ್ ಬನ್ನಿ. ನನ್ನ್ ಜಾಗಲ್ ಕೂಕಣಿ" ಎಂದೆ.

ಕೋಲು ಊರಿ ಮೇಜು ಸುತ್ತಿ ಬಂದು ಕೂತರು. ಎಲೆಗಳನ್ನು ನೋಡಿದರು. ಹಿಂದೆ ಅವರ ಎಡಕ್ಕಿದ್ದ ಎರಡು ಸಾಲು ಈಗ ಅವರ ಬಲಗಡೆ ಇದ್ದವು.

"ಈ ಎರಡ್ ಸಾಲ್ ಯಾವಾಗ ಹಾಕ್ದೆ?"

"ಸುರುವಿಂದ ಅಲ್ಲೇ ಇತ್ತ್ ಭಾವ."

ಅವರು ಎದ್ದು ತಮ್ಮ ಜಾಗಕ್ಕೆ ಹೋಗಿ ನೋಡಿದರು. ಮತ್ತೆ ನನ್ನ ಜಾಗಕ್ಕೆ ಬಂದರು. ಹೀಗೆ ಮೂರು ಸಲ ಆ ಮೇಜಿಗೆ ಸುತ್ತು ಬಂದರು, ಕೋಲು ಟಕ್ ಟಕ್ ಎನ್ನುತ್ತ. ಅಲ್ಲಿ ಕೂತರೆ ಇಲ್ಲ, ಇಲ್ಲಿ ಕೂತರೆ ಇದೆ. ಕೊನೆಗೆ ನನ್ನ ಮುಖ ನೋಡದೆ ಕೇಳಿದರು, "ಹಾಂಗಾರೆ ಆ ದಿನ ಹಾಲ್‌ಲ್ ಜನ ಇದ್ದಿದ್ರಾ?"

"ಇದ್ದಿದ್ರ್ ಭಾವ. ಹನ್ನೊಂದ್ ಜನ."

ಅವರು ಆಟ ಬಿಟ್ಟು ಎಲೆ ಒಟ್ಟು ಮಾಡಿದರು. ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಭಾವ ಬಾಳೆ ಎಲೆಯ ಎದುರು ಕೂತರು. ಅಕ್ಕ ಎಂದಿನ ಹಾಗೆ ಕುಡಿಯಿಂದ ಶುರು ಮಾಡಿ ಎಲ್ಲ ಬಡಿಸಿ ಹಿಂದೆ ಸರಿದಳು. ಭಾವ ಎಲೆಯನ್ನೇ ನೋಡುತ್ತ, ಹೆದರಿದವರ ಹಾಗೆ ಸಣ್ಣ ಸ್ವರದಲ್ಲಿ ಕೇಳಿದರು, "ಉಪ್ಪ್ ಇತ್ತಾ ಅಶೋಕ?"

ನಾನು ಎಲೆಗೆ ಕೈ ಹಾಕಿ, ಅನ್ನ ಪಲ್ಯ ಸಮೇತ ಮೆಲ್ಲಗೆ ತಿರುಗಿಸಿಬಿಟ್ಟೆ. ಕುಡಿ ಬಲಕ್ಕೆ ಬಂತು. ಅಕ್ಕ ಕಿರುಚಿ ನನ್ನ ಕೈಗೆ ಫಟ್ ಎಂದು ಹೊಡೆದಳು. "ಎಂತ ಮಾಡ್ತೆ! ಕುಡಿ ಬಲಕ್ಕ್ ಹಾಕುದ್ ಯಾವ ಊಟಕ್ಕೆ ಅಂದ್ ಗೊತ್ತಿಲ್ಯಾ ನಿಂಗೆ? ಬದ್ಕಿಪ್ಪ ಮನ್ಷರ್ ಎದ್ರಗೆ!"

ಆದರೆ ಭಾವನಿಗೆ ಕಂಡಾಗಿತ್ತು. ಉಪ್ಪು, ಮಾವಿನ ಮಿಡಿ, ಕಾಯಿ ಚಟ್ನಿ ಮೂರೂ ಅವರ ಕಣ್ಣೆದುರು ಇದ್ದವು. ಬೆರಳ ತುದಿಯಲ್ಲಿ ಉಪ್ಪು ತೆಗೆದು ನಾಲಿಗೆಗೆ ಇಟ್ಟರು.

"ರಾಜೀವಿ, ಇದ್ ದಿನಾ ಹಾಕ್ತಿದ್ಯಾ?"

"ದಿನಾ ಹಾಕ್ದೆ ಮತ್ತೆ?"

"ಒಂದಿನಾನೂ ಬಿಡ್ಲಿಲ್ಯಾ?"

"ಎಂತಕ್ಕ್ ಬಿಡ್ಲಿ ನಾನ್?"

"ಎಷ್ಟ್ ಬೈದೆ ನಾನ್ ನಿಂಗೆ" ಎಂದರು. ಕಣ್ಣಿನಲ್ಲಿ ನೀರು. ನನ್ನ ಕಣ್ಣಿನಲ್ಲೂ. ಅಕ್ಕನಿಗೆ ಇನ್ನೂ ವಿಷಯ ಪೂರ್ತಿ ತಿಳಿದಿರಲಿಲ್ಲ, ಆದರೆ ಗಂಡ ತನ್ನನ್ನು ಬೇಡವೆಂದದ್ದಲ್ಲ ಎನ್ನುವಷ್ಟು ತಿಳಿಯಿತು. ಎಲೆಯನ್ನು ಸರಿಯಾಗಿ ತಿರುಗಿಸಿ ಇಟ್ಟು ಹೇಳಿದಳು, "ಬೈದದ್ದ್ ಇರ್ಲಿ. ಅನ್ನ ಆರತ್ತ್, ಉಣ್ಣಿ."

ಮರುದಿನವೇ ಕುಂದಾಪುರಕ್ಕೆ ಹೋದೆವು. ಅಲ್ಲಿ ಫಿಸಿಯೋಥೆರಪಿ ಮಾಡುವ ಅಕ್ಷಯಾ ಎಂಬ ಹುಡುಗಿ ಭಾವನ ಎದುರು ಒಂದು ಬಿಳಿ ಹಾಳೆ ಇಟ್ಟು ಹೂವಿನ ಚಿತ್ರ ಬರೆಯಿರಿ ಎಂದಳು. ಅವರು ಬಲಗಡೆಗೆ ಮಾತ್ರ ಎಸಳು ಬರೆದು, ಮುಗಿಯಿತು ಎಂದು ಪೆನ್ನು ಇಟ್ಟರು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಂಕಲ್. ಕಣ್ಣು ತಂದು ಕೊಡ್ತದೆ, ಎಡಗಡೆಯದ್ದನ್ನು ತಲೆ ತಗೊಳ್ಳುವುದಿಲ್ಲ. ಗಮನ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ನೀವೇ ಹೋಗಿ ಕೈ ಹಿಡಿದು ಕರ್ಕೊಂಡು ಬರಬೇಕು" ಎಂದಳು. ಡಾಕ್ಟರು ಅಂದು ಹೇಳಿದ ಗಮನ ಯಾವುದೆಂದು ಅಕ್ಕನಿಗೆ ಆಗ ಅರ್ಥವಾಯಿತು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ ಕೈಗಳನ್ನು ನೋಡಿಕೊಂಡು ಅವಳಿಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ.

ಭಾವ ಅಂಜುತ್ತ ಕೇಳಿದರು, ಇಸ್ಪೀಟು ಆಡಬಹುದಾ ಎಂದು. "ಧಾರಾಳ ಆಡಿ, ಅದಕ್ಕಿಂತ ಒಳ್ಳೆ ಅಭ್ಯಾಸ ಬೇರೆ ಇಲ್ಲ" ಎಂದಳು ಆ ಹುಡುಗಿ. ಭಾವ ಅಕ್ಕನ ಕಡೆ ನೋಡಿದ ನೋಟ ನೀವು ನೋಡಬೇಕಿತ್ತು. ಎಲೆ ಹಾಕಲು ಮೇಜಿನ ಮೇಲೆ ಒಂದು ಹಲಗೆ ಇಟ್ಟು, ಅದರ ಎಡ ಅಂಚಿಗೆ ಒಂದು ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವ ತನಕ ಕುತ್ತಿಗೆ ತಿರುಗಿಸಿ, ಕಂಡ ಮೇಲೆಯೇ ಆಟ ಶುರು ಮಾಡಿ ಎಂದೂ ಹೇಳಿದಳು.

ಕೆಂಪು ಪಟ್ಟಿ ಎರಡು ದಿನವೂ ಬಾಳಲಿಲ್ಲ. ಅದನ್ನು ಹುಡುಕಬೇಕು ಎನ್ನುವುದೇ ಅವರಿಗೆ ಮರೆಯುತ್ತಿತ್ತು. ಪಟ್ಟಿಗೂ ಅವರಿಗೂ ಯಾವ ಸಂಬಂಧ? ಮೂರನೇ ದಿನ ಅಕ್ಕ ಹಿತ್ತಲಿಗೆ ಹೋಗಿ ಬಾಳೆಯ ಕುಡಿ ಕುಯ್ದು ತಂದು, ಹಲಗೆಯ ಎಡಕ್ಕೆ ಇಟ್ಟಳು. "ಹ್ವಾಯ್, ಇದೂ ಎಲೆಯೇ. ಕುಡಿ ಕಾಣ್ದೆ ಎಲೆಗೆ ಕೈ ಹಾಕುಕಾಗ" ಎಂದಳು. ಇಸ್ಪೀಟನ್ನು ಮನೆಗೆ ಸೇರಿಸಬಾರದು ಎನ್ನುತ್ತಿದ್ದವಳು! ಕುಡಿಯಿಂದ ಶುರು ಎನ್ನುವುದು ಎಷ್ಟೋ ವರ್ಷ ಬಡಿಸಿದ ಮನುಷ್ಯನ ಮೈಯಲ್ಲೇ ಇರುವ ಪಾಠ. ಭಾವ ಕುಡಿ ಎಲ್ಲಿ ಎಂದು ಕೇಳಿಕೊಂಡು, ಕುತ್ತಿಗೆ ತಿರುಗಿಸಿ, ಇನ್ನೂ ತಿರುಗಿಸಿ, ಕಂಡ ಕೂಡಲೇ "ಹಾಂ" ಎಂದರು. ಅದರ ಪಕ್ಕದಲ್ಲಿ ಮೊದಲನೇ ಸಾಲು ಇತ್ತು, ಎರಡನೆಯದೂ ಇತ್ತು.

ಇದು ಸುಲಭದಲ್ಲಿ ಆಯಿತು ಎಂದುಕೊಳ್ಳಬೇಡಿ. ಅರ್ಧ ಆಟಕ್ಕೆ ಅವರ ಬೆನ್ನು ಬೆವರಿ ಅಂಗಿ ಒದ್ದೆಯಾಗುತ್ತಿತ್ತು. ಒಂದು ಕಡೆಗೆ ಗಮನ ಇಡುವುದಕ್ಕೆ ಅಷ್ಟು ಮೈಕಷ್ಟ ಇದೆ ಎಂದು ನಾನು ಮೊದಲು ಕಂಡದ್ದೇ ಇಲ್ಲ. ಪ್ರತಿ ಎಲೆಗೂ ಕುಡಿಯ ತನಕ ಹೋಗಿ ಬರಬೇಕು; ಹೋಗಿ ಬರುವಷ್ಟರಲ್ಲಿ ಬಲಗಡೆ ಏನಿತ್ತು ಎಂಬುದು ಮರೆಯುತ್ತಿತ್ತು. ಎಲೆ ಎಸೆದು ಎದ್ದು ಹೋದದ್ದೂ ಇದೆ. ಆಗೆಲ್ಲ ಅಕ್ಕ ಬಂದು ನೆಲದಿಂದ ಎಲೆ ಹೆಕ್ಕಿ ಕೊಡುತ್ತಿದ್ದಳು. ಹೆಕ್ಕುತ್ತ ಹೆಕ್ಕುತ್ತ ಗುಲಾಮ ಯಾವುದು, ರಾಣಿ ಯಾವುದು ಎಂದು ಅವಳಿಗೂ ಗುರುತಾಯಿತು.

ಫೆಬ್ರವರಿ ತಿಂಗಳಲ್ಲಿ ಒಂದು ದಿನ ನಾನು ಅಂಗಡಿಯಲ್ಲಿ ಇದ್ದಾಗ ಫೋನು. "ಕೂಡ್ಲೆ ಬಾ" ಎಂದು ಭಾವ. ಏನಾಯಿತೋ ಎಂದು ಬೈಕಿನಲ್ಲಿ ಓಡಿದೆ. ಹಲಗೆಯ ಎದುರು ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಆಟ ಅರ್ಧಕ್ಕೆ ನಿಂತಿತ್ತು. "ಸಮಾ ಕಾಣ್. ಎಡಬದಿಲ್ ಎಂತಾರೂ ಬಿಟ್ಟಿದ್ನಾ?" ಎಂದರು. ನಾನು ಏಳು ಸಾಲನ್ನೂ ಎರಡು ಸಲ ನೋಡಿದೆ. ಏನೂ ಬಿಟ್ಟಿರಲಿಲ್ಲ. ಇಳಿಸಲು ಒಂದು ಎಲೆಯೂ ಇರಲಿಲ್ಲ, ಶುದ್ಧ ಸೋಲು.

"ಇಲ್ಲೆ ಭಾವ. ಆಟವೇ ಕೂಡ್ತಿಲ್ಲೆ."

"ಹಾಂಗಾರೆ ಇದ್ ಎಲೆ ತಪ್ಪ್. ನನ್ದಲ್ಲ!" ಎಂದು ತೊಡೆ ತಟ್ಟಿ ನಕ್ಕರು. ಸೋತದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಅಕ್ಕ ಆ ದಿನ ಪಾಯಸ ಮಾಡಿದಳು.

ಏಪ್ರಿಲ್ ರಜೆಯ ಹೊತ್ತಿಗೆ ಭಾವ ನನ್ನನ್ನು ಕರೆದುಕೊಂಡು ಅಜಿತನ ಹೋಟೆಲಿಗೆ ಹೋದರು. ತನಗೆ ಎಡಗಡೆಯದ್ದು ತೋಚುವುದಿಲ್ಲ ಎಂದು, ತನ್ನ ಕೈ ಕೆಳಗೆ ಕೆಲಸ ಕಲಿತ ಅಳಿಯನಿಗೆ ಹೇಳುವುದು ಆ ಮನುಷ್ಯನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೆ ನೇರವಾಗಿ ಹೇಳಿದರು. "ಆ ದಿನ ತಪ್ಪ್ ನನ್ದ್. ಈಗ ತಿರ್ಗಿ ಕಂಡ್ರೆ ಕಾಣತ್ತ್. ಒಂದ್ ಪಂಕ್ತಿ ಬಡ್ಸುಕ್ ಬಿಡ್. ಒಂದ್ ಎಲೆ ತಪ್ಪಿರೂ ಮತ್ತೆ ಕೇಂತಿಲ್ಲೆ."

ಅಜಿತ್ ಹಾಲ್ ಕಡೆ ನೋಡಿದ. ಹೊರಗೆ ಜನ ಕಾಯುತ್ತಿದ್ದರು. ಬೇಡ ಎನ್ನುವುದು ಅವನ ತುಟಿಯ ತನಕ ಬಂದದ್ದು ನನಗೆ ಕಂಡಿತು. "ಆಯ್ತ್ ಮಾವ. ಅನ್ನ ಮಾತ್ರ" ಎಂದ.

ನಾನು ಕೌಂಟರಿನ ಪಕ್ಕ ನಿಂತೆ. ಭಾವ ಅರ್ಧ ಬಕೀಟು ಅನ್ನ ಹಿಡಿದು ಹೊರಟರು. ಪ್ರತಿ ಟೇಬಲಿನ ಹತ್ತಿರ ನಿಂತು, ಎಡಗಡೆಗೆ ಕುತ್ತಿಗೆ ತಿರುಗಿಸಿ, ಗೋಡೆ ಕಾಣುವ ತನಕ ತಿರುಗಿಸಿ, ಆಮೇಲೆಯೇ ಬಡಿಸಲು ಶುರು. ಎಡ ಮೊದಲು, ಬಲ ಆಮೇಲೆ. ಒಂದು ಎಲೆಯೂ ತಪ್ಪಲಿಲ್ಲ, ಆದರೆ ನಿಧಾನ ಎಂದರೆ ನಿಧಾನ. ಹಿಂದೆ ಸಾಂಬಾರು ಹಿಡಿದ ಮಂಜ ಕಾಲು ಬದಲಿಸುತ್ತ ನಿಂತಿದ್ದ. ಅವನು ಆ ಹೋಟೆಲಿನಲ್ಲಿ ಹನ್ನೆರಡು ವರ್ಷದಿಂದ ಇರುವ ಸಪ್ಲೈಯರ್. ಯಾರೋ "ಅಣ್ಣ, ಬಸ್ಸಿಗೆ ಹೊತ್ತಾಯ್ತ್" ಎಂದರು. ಅಜಿತ್ ನನ್ನ ಕಿವಿಯ ಹತ್ತಿರ ಬಗ್ಗಿ, "ಅಶೋಕಣ್ಣ, ಹೀಂಗಾರೆ ಕಷ್ಟ" ಎಂದ. ಅವನು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ.

ಭಾವ ಸಾಲಿನ ಕೊನೆಗೆ ಬಂದರು. ಅಲ್ಲಿ ಎಡಗಡೆ ಒಂದು ಕಂಬ, ಕಂಬದ ಹಿಂದೆ ಕೈ ತೊಳೆಯುವ ಜಾಗಕ್ಕೆ ತಾಗಿ ಒಬ್ಬರೇ ಕೂರುವ ಸಣ್ಣ ಮೇಜು. ಬಡಿಸಿ ಆಯಿತು ಎಂದು ನಾನು ಉಸಿರು ಬಿಟ್ಟೆ. ಅವರು ಮುಂದೆ ಹೋಗಲಿಲ್ಲ. ಗೋಡೆ ಇನ್ನೂ ಕಂಡಿರಲಿಲ್ಲವಲ್ಲ! ಕುತ್ತಿಗೆ ತಿರುಗಿಸಿದರು, ಕಂಬ ಅಡ್ಡ ಬಂತು, ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ತಿರುಗಿಸಿದರು.

ಕಂಬದ ಹಿಂದೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಎದುರು ಎಲೆ ಇತ್ತು, ಎಲೆಯಲ್ಲಿ ಏನೂ ಇರಲಿಲ್ಲ. ಉಪ್ಪಿನವನು ದಾಟಿ ಹೋಗಿದ್ದ, ಪಲ್ಯದವನು ದಾಟಿ ಹೋಗಿದ್ದ. ಎಲ್ಲರದ್ದೂ ಸರಿಯಾದ ಕಣ್ಣು, ಸರಿಯಾದ ತಲೆ.

"ಆಗಳಿಂದ ಕೂತಿದ್ದೆ ಮಗ. ಯಾರಿಗೂ ಕಾಂತಿಲ್ಲೆ ಕಾಣತ್ತ್, ಎದ್ದ್ ಹೋಪ ಅಂದ್ಕಂಡೆ" ಎಂದರು ಅವರು.

"ಹೋಪುದ್ ಬ್ಯಾಡ ಅಮ್ಮ. ನಂಗೆ ಕಾಂಬುಕೆ ಚೂರ್ ಹೊತ್ತ್ ಬೇಕಾತ್ತ್" ಎಂದರು ಭಾವ.

ಅಜಿತ್ ಕೌಂಟರು ಬಿಟ್ಟು ಎದ್ದಿದ್ದ. ತಾನೇ ಒಳಗೆ ಹೋಗಿ ಉಪ್ಪು, ಉಪ್ಪಿನಕಾಯಿ, ಪಲ್ಯ ತಂದು ಆ ಎಲೆಗೆ ಬಡಿಸಿದ. ಬಡಿಸಿ ಎದ್ದು ನಿಂತವನು ಮಾವನ ಮುಖ ನೋಡಲಿಲ್ಲ, ಮಂಜನ ಕಡೆ ತಿರುಗಿದ. "ಮಂಜ, ನಾಳೆಯಿಂದ ಮಾವ ಮುಂದೆ ಹೋಯ್ಲಿ. ನೀನ್ ಹಿಂದೆ ಬಾ, ಗಡಿಬಿಡಿ ಮಾಡ್ಬೇಡ" ಎಂದ.

ಭಾವ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಅವರು ಬಗ್ಗಿ ಆ ಎಲೆಗೆ ಅನ್ನ ಬಡಿಸುತ್ತಿದ್ದರು. ಹಸಿದಿದ್ದರೆಂದು ಕಾಣುತ್ತದೆ, ಆ ಅಮ್ಮ ಎರಡು ಸಲ ಹಾಕಿಸಿಕೊಂಡರು.